ಭಾವ ಮಾಡಿದ ಹೊಟ್ಟಿನ ಮೂಡೆ

ನಮ್ಮ ಜನ ಯಾರಿಗಾದರೂ ಶಾಲು ಹೊದಿಸಿದರೆಂದರೆ, ಇನ್ನು ಅವನ ಮಾತು ಕೇಳುವ ಅಗತ್ಯವಿಲ್ಲ ಎಂದು ತೀರ್ಮಾನಿಸಿದರೆಂದೇ ಅರ್ಥ. ಮುಂಬಯಿ ಹತ್ತಿರದ ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆ ಉಡುಪಿ-ಮಂಗಳೂರಿನವರ ಸಂಘಗಳಿಗೆ ಲೆಕ್ಕವಿಲ್ಲ. ಸಂಘಕ್ಕೊಂದು ವಾರ್ಷಿಕೋತ್ಸವ, ವಾರ್ಷಿಕೋತ್ಸವಕ್ಕೊಂದಿಷ್ಟು ಶಾಲು. ನನ್ನ ಅಕ್ಕನ ಗಂಡ ರಘುಪತಿ ಭಾವನಿಗೆ ಸಿಕ್ಕಿದ ಶಾಲುಗಳು ಕಪಾಟಿನಲ್ಲಿ ಜಿರಳೆಗಳಿಗೆ ಹಾಸಿಗೆಯಾಗಿ ಬಿದ್ದಿವೆ. ಒಂದು ಸಂಘದವರು ಅವರನ್ನು ‘ಪರಿಸರಪ್ರೇಮಿ’ ಎಂದರು, ಇನ್ನೊಂದು ಸಂಘದವರು ‘ಹಸಿರು ಸಾಧಕ’ ಎಂದರು. ಆದರೆ ಹೊದಿಸಿದವರಲ್ಲಿ ಒಬ್ಬನೇ ಒಬ್ಬ ಭಾವನ ಸರಕನ್ನು ಮನೆಯ ಸಾವಿಗೆ ಬಳಸಿದವನಿಲ್ಲ.

ಸರಕು ಎಂದರೆ ಮರದ ಹೊಟ್ಟನ್ನು ಯಂತ್ರದಲ್ಲಿ ಒತ್ತಿ ಮಾಡಿದ ಉರುವಲು. ಕಾರ್ಖಾನೆಯವರು ಬ್ರಿಕೆಟ್ ಎನ್ನುತ್ತಾರೆ. ಉದ್ದಕ್ಕೆ, ದುಂಡಗೆ, ಕಂದು ಬಣ್ಣಕ್ಕೆ ಇರುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನ್ನ ಅಕ್ಕ ಜಯಲತಾ, “ಎಂತ ಇದು, ಮೂಡೆಯಾ? ಚಟ್ನಿ ಮಾಡ್ಲಾ?” ಎಂದು ಕೇಳಿದ್ದಳು. ಮೂಡೆ ಎಂದರೆ ನಮ್ಮ ಕಡೆ ಕೇದಗೆಯ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಉದ್ದನೆಯ ಇಡ್ಲಿ. ಆ ಹೆಸರೇ ಉಳಿಯಿತು. ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಠಾಣೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ನಾಲಿಗೆಯ ಬಗ್ಗೆ ಯಾರ ಹತ್ತಿರವೂ ಒಳ್ಳೆಯ ಮಾತು ಕೇಳಿಲ್ಲ.

ಭಾವ ತುರ್ಭೆಯ ಒಂದು ಕೆಮಿಕಲ್ ಕಂಪನಿಯಲ್ಲಿ ಫಿಟ್ಟರ್ ಆಗಿದ್ದರು. ಡೊಂಬಿವಲಿ ಪೂರ್ವದಲ್ಲಿ ಮನೆ. ಬಡಾಯಿಯಿಲ್ಲ, ಚಟವಿಲ್ಲ, ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ಜಗಳವಾಡುವ ಧೈರ್ಯವೂ ಇಲ್ಲ. ಅಂಥ ಮನುಷ್ಯನ ತಲೆಗೆ ಹುಳ ಹೊಕ್ಕದ್ದು ಅವರ ಅಪ್ಪ ಸತ್ತ ದಿನ. ಎರಡು ಸಾವಿರದ ಮೂರರ ಮಳೆಗಾಲ.

ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮಾವಿನ ಮರ ಕಡಿದು ಅದರಲ್ಲೇ ಸುಡುವುದು ನಮ್ಮವರ ಪದ್ಧತಿ. ಅಲ್ಲಿ ಮರ ಉಂಟು, ಕಡಿಯಲು ನೆರೆಕರೆಯವರು ಉಂಟು, ಹಸಿ ಮರವನ್ನೂ ಉರಿಸಿಬಿಡುವಷ್ಟು ತೆಂಗಿನ ಗೆರಟೆ ಉಂಟು. ಡೊಂಬಿವಲಿಯಲ್ಲಿ ಏನುಂಟು? ಸ್ಮಶಾನದ ಪಕ್ಕದಲ್ಲಿ ಕಟ್ಟಿಗೆ ಮಾರುವ ಒಂದು ವಖಾರ ಉಂಟು. ಅದರ ಸೇಠ್ ಮುನಿಸಿಪಾಲಿಟಿಯವರು ರಸ್ತೆಬದಿಯಲ್ಲಿ ಸವರಿದ ಗುಲ್‌ಮೊಹರು, ಮಳೆಮರ, ಸುಬಾಬುಲ್ ಎಲ್ಲವನ್ನೂ ರಾಶಿ ಹಾಕಿಕೊಂಡಿರುತ್ತಾನೆ. ನಮ್ಮವರು ಹೋಗಿ ಮಾವಿನದೇ ಬೇಕು ಎಂದರೆ, ರಾಶಿಯ ಇನ್ನೊಂದು ಬದಿಗೆ ಹೋಗಿ ನಿಂತು, “ಯೇ ಆಮ್ ಕಾ ಹೈ”, ಇದು ಮಾವಿನದು, ಎನ್ನುತ್ತಾನೆ. ಹೋಟೆಲು ನಡೆಸುವ ನಮ್ಮವರಿಗೆ ಹೀರೇಕಾಯಿಯಲ್ಲಿ ಕಹಿ ಯಾವುದು ಎಂದು ಮುಟ್ಟಿದರೆ ಗೊತ್ತಾಗುತ್ತದೆ, ಮಾವಿನ ಕಟ್ಟಿಗೆ ಯಾವುದೆಂದು ಗೊತ್ತಾಗುವುದಿಲ್ಲ. ತಲೆ ಅಲ್ಲಾಡಿಸಿ ತರುತ್ತಾರೆ.

ಭಾವನ ಅಪ್ಪನಿಗೆ ಸಿಕ್ಕಿದ್ದು ಹಾಗೆ ತಂದ ಒದ್ದೆ ಕಟ್ಟಿಗೆ. ಬೆಂಕಿ ಹತ್ತಲಿಲ್ಲ. ಡೀಸೆಲ್ ಸುರಿದರು, ಭಗ್ಗೆಂದು ಉರಿದು ಆರಿತು. ಮತ್ತೆ ಸುರಿದರು. ಕೊನೆಗೆ ಅಲ್ಲಿನ ಆಳು ಎಲ್ಲಿಂದಲೋ ಹಳೆಯ ಟೈರೊಂದನ್ನು ಉರುಳಿಸಿಕೊಂಡು ಬಂದ. ಬಂದವರೆಲ್ಲ ಕರವಸ್ತ್ರ ಮೂಗಿಗೆ ಹಿಡಿದು ಚಾದ ಅಂಗಡಿಗೆ ಹೋದರು. ಅರ್ಧ ಬೆಂದ ಅಪ್ಪನ ಎದುರು ಭಾವ ಒಬ್ಬರೇ ನಿಂತಿದ್ದರಂತೆ. ಮನೆಗೆ ಬಂದು ಸ್ನಾನ ಮಾಡಿ ಊಟದ ಬಟ್ಟಲು ದೂಡಿ ಕೂತವರು ಮರುದಿನವೂ ಎದ್ದಿರಲಿಲ್ಲ ಎಂದು ಅಕ್ಕ ಹೇಳಿದ್ದಳು. ಗ್ಯಾಸಿನ ಭಟ್ಟಿಯಲ್ಲಿ ಸುಡಬಹುದಿತ್ತಲ್ಲ ಎಂದು ಕೇಳಬೇಡಿ. ನಮ್ಮವರಿಗೆ ಬ್ರೆಡ್ಡು ಬೇಯಿಸಿದ ಹಾಗೆ ಹೆಣ ಬೇಯಿಸುವುದು ಆಗದು. ಟೈರಿನಲ್ಲಿ ಸುಡುವುದು ಆಗುತ್ತದೆ.

ಆಮೇಲೆ ಕಂಪನಿ ಬಾಗಿಲು ಹಾಕಿತು. ಕೈಗೆ ಬಂದ ದುಡ್ಡನ್ನು ಬೇರೆಯವರು ಫ್ಲ್ಯಾಟಿಗೆ ಹಾಕಿದರು, ಭಾವ ಹೊಟ್ಟಿಗೆ ಹಾಕಿದರು. ಉಲ್ಹಾಸನಗರದಲ್ಲಿ ಗಲ್ಲಿಗಲ್ಲಿಯೂ ಫರ್ನಿಚರ್ ಮಾಡುವವರು. ಅವರ ಗರಗಸದ ಕೆಳಗೆ ಬಿದ್ದ ಹೊಟ್ಟನ್ನು ನಾಲೆಗೆ ಸುರಿಯುತ್ತಿದ್ದರು, ಇಲ್ಲವೇ ರಸ್ತೆಯಲ್ಲಿ ಸುಡುತ್ತಿದ್ದರು. ಅದನ್ನೆಲ್ಲ ಗೋಣಿಯಲ್ಲಿ ತುಂಬಿಸಿ ತಂದು, ಒಣಗಿಸಿ, ಅಂಬರನಾಥದ ಒಂದು ತಗಡಿನ ಶೆಡ್ಡಿನಲ್ಲಿ ಒತ್ತುವ ಪ್ರೆಸ್ ಹಾಕಿ ಉರುವಲು ಮಾಡುವುದು ಭಾವನ ಯೋಜನೆ.

ಉದ್ಘಾಟನೆಗೆ ಸಂಘದ ಅಧ್ಯಕ್ಷ ಪುಂಡರೀಕಾಕ್ಷ ಬಂದಿದ್ದರು. ಕಲ್ಯಾಣದಲ್ಲಿ ದೊಡ್ಡ ಹೋಟೆಲು, ಅದಕ್ಕಿಂತ ದೊಡ್ಡ ಹೊಟ್ಟೆ. ಪುರೋಹಿತರು ಪೂಜೆ ಮುಗಿಸಿ, ಯಂತ್ರಕ್ಕೆ ಶುಭವಾಗಲಿ ಎಂದು ಕಲಶದ ನೀರನ್ನು ಒಂದು ಹನಿ ಉಳಿಸದೆ ಹೊಟ್ಟಿನ ಮೇಲೆಯೇ ಸುರಿದರು. ಹೊಟ್ಟು ಒಣಗಿರಬೇಕು, ಒದ್ದೆಯಾದರೆ ಒತ್ತುವಾಗ ಒಳಗೆ ಹಬೆ ಕಟ್ಟುತ್ತದೆ ಎಂದು ಭಾವನಿಗೆ ಗೊತ್ತಿತ್ತು. ಆದರೆ ಪುರೋಹಿತರಿಗೆ ಬೇಡ ಎನ್ನುವುದು ಹೇಗೆ? ಪುಂಡರೀಕಾಕ್ಷ ಬಟನ್ ಒತ್ತಿದರು. ಢಮ್ಮೆಂದು ಸದ್ದಾಗಿ ಮೊದಲ ಮೂಡೆ ಅವರ ಕಿವಿಯ ಪಕ್ಕದಿಂದ ಹಾರಿ ತಗಡಿಗೆ ಬಡಿಯಿತು. ಅಧ್ಯಕ್ಷರು ನೆಲಕ್ಕೆ ಕುಳಿತುಬಿಟ್ಟರು. ಎಬ್ಬಿಸಿ, ಮಣ್ಣು ಕೊಡವಿ, ಲಾಡು ತಿನ್ನಿಸಿದ ಮೇಲೆ ಅವರು ಚೆನ್ನಾಗಿಯೇ ಭಾಷಣ ಮಾಡಿದರು. ಬೇಡ ಎನ್ನಲಾಗದ ಭಾವನ ಈ ರೋಗವನ್ನು ಅವತ್ತೇ ನೋಡಿದ್ದೆ. ಬಿದ್ದುಬಿದ್ದು ನಕ್ಕಿದ್ದೆ ಕೂಡ.

ಪ್ರೆಸ್ ಮಾತ್ರ ನಡೆಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳವರು ಬಾಯ್ಲರಿಗೆ ತೆಗೆದುಕೊಂಡರು. ಕೆಲವರು ಗೇಟಿಗೆ ‘ಹಸಿರು ಇಂಧನ’ ಎಂದು ಬೋರ್ಡು ಹಾಕಿ, ಅದರ ಕೆಳಗೆ ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು, ಹಿಂದಿನ ಬಾಗಿಲಿನಿಂದ ಕೆಂಪು-ನೀಲಿ ನೀರನ್ನು ಎಂದಿನಂತೆ ನಾಲೆಗೆ ಬಿಟ್ಟರು. ಭಾವನಿಗೆ ಬಾಯ್ಲರಿನಲ್ಲಿ ಆಸಕ್ತಿಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ: ನಮ್ಮ ಜನರಲ್ಲಿ ಒಬ್ಬರಾದರೂ ಒಬ್ಬ ಸತ್ತವರನ್ನು ಒಣಗಿದ, ಸ್ವಚ್ಛವಾದ ಈ ಉರುವಲಿನಲ್ಲಿ ಸುಡಬೇಕು. ತನ್ನ ಅಪ್ಪನಿಗೆ ಆದದ್ದು ಇನ್ನೊಬ್ಬನ ಅಪ್ಪನಿಗೆ ಆಗಬಾರದು.

ಅದಕ್ಕಾಗಿ ಒಳ್ಳೆಯ ಹೊಟ್ಟನ್ನು ಬೇರೆ ಇಡುತ್ತಿದ್ದರು. ಪ್ಲೈವುಡ್ಡಿನ ಪುಡಿಯಲ್ಲಿ ಅಂಟು ಇರುತ್ತದೆ ಎಂದು ಅದನ್ನು ಸೇರಿಸುತ್ತಿರಲಿಲ್ಲ. ಶೆಡ್ಡಿನಲ್ಲಿ ಕೆಲಸಕ್ಕಿದ್ದ ಕಲಬುರಗಿಯ ಕಡೆಯ ಮರಗಮ್ಮ ಆ ಹೊಟ್ಟನ್ನು ಜರಡಿ ಹಿಡಿದು ಮೊಳೆ, ಮೈಕಾ ಚೂರು ಆರಿಸಿ ಕೊಡುತ್ತಿದ್ದಳು. ಹಾಗೆ ಮಾಡಿದ ಮೂಡೆಗಳು ಒಂದು ಮೂಲೆಯಲ್ಲಿ ತಾಡಪಾಲಿನ ಕೆಳಗೆ ಸಾಯುವವರಿಗಾಗಿ ಕಾದು ಕೂತವು.

ಸಾಯುವವರಿಗೆ ಕೊರತೆ ಇರಲಿಲ್ಲ. ಯಾವ ಸಾವಿನ ಮನೆಗೆ ಹೋದರೂ ಭಾವ ಒಂದು ಮೂಲೆಯಲ್ಲಿ ಮನೆಯವರನ್ನು ಹಿಡಿದು ಮೆಲ್ಲಗೆ ವಿಷಯ ತೆಗೆಯುತ್ತಿದ್ದರು. “ದುಡ್ಡು ಬೇಡ, ನಾನೇ ತಂದು ಹಾಕ್ತೇನೆ” ಎನ್ನುತ್ತಿದ್ದರು. ಕಡೆಕಡೆಗೆ ಅವರು ಮೆಟ್ಟಿಲು ಹತ್ತುವುದು ಕಂಡರೆ ಜನ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋಗುವಂತಾಯಿತು. ಪುಂಡರೀಕಾಕ್ಷರ ತಾಯಿ ತೀರಿಕೊಂಡಾಗಲೂ ಹೋದರು. ಹಿಂದಿನ ತಿಂಗಳಷ್ಟೇ ವೇದಿಕೆಯ ಮೇಲೆ, “ಮರ ಉಳಿಸಿ, ರಘುಪತಿಯವರ ದಾರಿಯಲ್ಲಿ ನಡೆಯಿರಿ” ಎಂದು ಕೂಗಿ ಶಾಲು ಹೊದಿಸಿದ್ದ ಮನುಷ್ಯ ಅದು.

“ಅಲ್ಲ ರಘುಪತಿಯವರೇ, ನೀವು ಮಾಡುವುದು ದೊಡ್ಡ ಕೆಲಸ, ಇಲ್ಲ ಅಂತ ಹೇಳುವುದಿಲ್ಲ” ಎಂದರು ಪುಂಡರೀಕಾಕ್ಷ. “ಆದ್ರೆ ಹೆತ್ತ ತಾಯಿ ಅಲ್ವಾ ಮಾರಾಯ್ರೆ? ಮಾವಿನ ಕಟ್ಟಿಗೆಗೆ ಹೇಳಿ ಆಗಿದೆ.”

ಆ ಮಾವು ಗುಲ್‌ಮೊಹರಾಗಿತ್ತು. ತೊಗಟೆ ನೋಡಿದರೆ ಭಾವನಿಗೆ ಗೊತ್ತಾಗುತ್ತದೆ. ಗೊತ್ತಾಗಿಯೂ ಕೈಮುಗಿದು ನಿಂತು ಬಂದರು.

ಮರಗಮ್ಮನ ಗಂಡ ಹಣಮಂತ್ರಾಯ ತುರ್ಭೆಯಲ್ಲಿ ಲಾರಿ ತುಂಬಿಸುವ ಹಮಾಲಿ. ಒಂದು ಬೇಸಿಗೆಯಲ್ಲಿ ಚೀಲದ ಕೆಳಗೇ ಕುಸಿದು ಸತ್ತ. ಭಾವ ಅಲ್ಲಿಗೂ ಓಡಿದರು, ಅಲ್ಲೂ ಬಾಯಿ ತೆರೆದರು. ಮರಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರನ್ನೇ ನೋಡಿದಳು. “ಸಾವ್ಕಾರ್ರ, ನಮ್ ಮಂದ್ಯಾಗ ಸುಡಂಗಿಲ್ರೀ. ಮಣ್ಣಾಗ ಇಡ್ತೀವಿ. ನಿಮ್ಮೋರ ಹೆಣಕ್ಕ ನಿಮ್ಮ ಮಾಲು ಬ್ಯಾಡಂತ, ನಮ್ಮೋರಿಗಿ ಯಾಕ ತಂದೀರಿ?” ಎಂದಳು.

ಈ ಕತೆಯನ್ನು ಹೇಳಿಕೊಂಡು ಅಕ್ಕ ಎಷ್ಟು ನಕ್ಕಳೆಂದರೆ ಕೆಮ್ಮು ಬಂತು. ಗಂಡನನ್ನು ಗೇಲಿ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವರು ಮನೆಗೆ ಬಂದರೆ ಅಂಗಿಯಿಂದ, ಕಿವಿಯಿಂದ, ಟಿಫಿನ್ ಡಬ್ಬಿಯಿಂದ ಹೊಟ್ಟು ಉದುರುತ್ತಿತ್ತು. “ಗಂಡ ಬಂದ್ರಾ, ಗರಗಸ ಬಂತಾ?” ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. ಮಗಳು ನಿಶ್ಮಿತಾ ಇಲ್ಲೇ ಹುಟ್ಟಿ ಬೆಳೆದವಳು. ನಾವು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಹಿಂದಿಯಲ್ಲಿ. ಕಾಲೇಜಿನಲ್ಲಿ ಗೆಳತಿಯರು, ನಿನ್ನ ಅಪ್ಪ ಏನು ಮಾಡುತ್ತಾರೆ ಎಂದರೆ ‘ರಿನ್ಯೂಎಬಲ್ ಎನರ್ಜಿ’ ಎಂದು ಗತ್ತಿನಿಂದ ಹೇಳಿ ಬರುತ್ತಿದ್ದಳಂತೆ. ಆ ಎನರ್ಜಿ ನೆಲ ಗುಡಿಸಿದರೆ ದಿನಾ ಮೊರ ತುಂಬ ಸಿಗುತ್ತದೆ ಎಂದು ಅಕ್ಕ ಸೇರಿಸುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಅಕ್ಕನ ಹೊಟ್ಟೆಯೊಳಗೆ ಗಡ್ಡೆ ಬೆಳೆದಿರುವುದು ಗೊತ್ತಾಯಿತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದರು. ಮಳೆ ಶುರುವಾಗಿತ್ತು. ಒಂದು ಭಾನುವಾರ ಪುಂಡರೀಕಾಕ್ಷ ಮುಸುಂಬಿಯ ಚೀಲ ಹಿಡಿದು ನೋಡಲು ಬಂದರು. ಇನ್ನೂ ಕೆಲವರು ಸಂಘದವರು ಇದ್ದರು. ಎಲ್ಲರಿಗೂ ಚಾ ಕೊಟ್ಟಾದ ಮೇಲೆ ಅಕ್ಕ ತಲೆದಿಂಬಿಗೆ ಒರಗಿ ಕೂತು, “ಪುಂಡರೀಕಣ್ಣ, ಒಂದು ಮಾತು ಹೇಳ್ಲಿಕ್ಕುಂಟು, ನೀವೆಲ್ಲ ಸಾಕ್ಷಿ” ಎಂದಳು. “ನಾನು ಹೋದ್ರೆ ನನ್ನನ್ನು ಇವರ ಮೂಡೆಯಲ್ಲೇ ಸುಡಬೇಕು. ಒಂದು ತುಂಡು ಬೇರೆ ಕಟ್ಟಿಗೆ ಬೇಡ. ಕದ್ದುಮುಚ್ಚಿ ಅಲ್ಲ, ನೀವೆಲ್ಲ ನಿಂತು ನೋಡ್ಬೇಕು.”

“ಎಂತದು ಜಯಲತಕ್ಕ, ಅಪಶಕುನ ಮಾತಾಡ್ಬೇಡಿ” ಎಂದರು ಪುಂಡರೀಕಾಕ್ಷ.

“ಶಕುನ ನೋಡ್ಲಿಕ್ಕೆ ನನಗೆ ಹೊತ್ತಿಲ್ಲ. ಇಷ್ಟು ವರ್ಷ ನಾನೇ ಇವರಿಗೆ ತಮಾಷೆ ಮಾಡಿದೆ. ಆದ್ರೆ ಮಾವನವರನ್ನು ಸುಟ್ಟು ಬಂದ ದಿನ ಇವರು ಹೇಗೆ ಕೂತಿದ್ರು ಅಂತ ನೋಡಿದವಳು ನಾನು ಒಬ್ಳೇ. ಯಾರಾದ್ರೂ ಒಬ್ರು ಶುರು ಮಾಡ್ಬೇಕಲ್ಲ. ನಾನು ಮಾಡ್ತೇನೆ. ನನಗೆ ಇನ್ನೇನು ಕೆಲಸ ಉಂಟು?”

ಭಾವ ಕಿಟಕಿಯ ಹತ್ತಿರ ಹೋಗಿ ನಿಂತು ಅತ್ತರು. ನಾನೂ ಅತ್ತೆ. ಆ ಗಂಡ-ಹೆಂಡಿರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೊಂದೇ ಸಲ.

ಆದರೆ ಅಧ್ಯಕ್ಷರು ಸುಮ್ಮನೆ ಹೋಗುವವರೇ? ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಭಾವನ ಹೆಗಲ ಮೇಲೆ ಕೈಯಿಟ್ಟರು. “ಕಾಯಿಲೆಯವರು ಏನೋ ಹೇಳ್ತಾರೆ, ನೀವು ಹಾಗೆ ಮಾಡ್ಲಿಕ್ಕೆ ಹೋಗ್ಬೇಡಿ. ಹೆಂಡತಿಯನ್ನು ಫ್ಯಾಕ್ಟರಿ ಮಾಲಿನಲ್ಲಿ ಸುಟ್ಟ, ಜಾಹೀರಾತಿಗೆ ಇವನಿಗೆ ಹೆಂಡತಿಯೇ ಬೇಕಾಯ್ತಾ ಅಂತ ಜನ ಆಡಿಕೊಳ್ತಾರೆ. ನಾನು ಹೇಳುವುದಲ್ಲ, ಜನ.”

ಜನ ಎಂಬ ಆ ಮಹಾನುಭಾವ ಅವತ್ತಿನಿಂದ ಭಾವನ ಜೊತೆಯಲ್ಲೇ ಉಂಡು, ಜೊತೆಯಲ್ಲೇ ಮಲಗತೊಡಗಿದ. ಅಕ್ಕ ದಿನದಿನಕ್ಕೆ ಕರಗುತ್ತಿದ್ದರೆ, ಭಾವ ಜನ ಏನಂದಾರು ಎಂಬ ಚಿಂತೆಯಲ್ಲಿ ಕರಗುತ್ತಿದ್ದರು. “ಪಪ್ಪಾ, ಮಮ್ಮಿ ನೇ ಬೋಲ್ ದಿಯಾ ನಾ? ಅಬ್ ಸೋಚನಾ ಕ್ಯಾ ಹೈ?” ಎಂದು ನಿಶ್ಮಿತಾ ರೇಗಿದಳು. ಅಮ್ಮ ಹೇಳಿಯಾದ ಮೇಲೆ ಯೋಚಿಸುವುದೇನು ಎಂದು ಆ ಹುಡುಗಿಗೆ ಗೊತ್ತಾಗುವಷ್ಟೂ ಅಪ್ಪನಿಗೆ ಗೊತ್ತಾಗಲಿಲ್ಲ.

ಅಕ್ಕ ಆಗಸ್ಟಿನ ಒಂದು ಬೆಳಿಗ್ಗೆ ಹೋದಳು. ಜಡಿಮಳೆ. ಅವಳಿಗೆ ಸ್ನಾನ ಮಾಡಿಸಿ ಸೀರೆ ಉಡಿಸಲು ನೆಂಟರ ಹೆಂಗಸರಿದ್ದರು. ನಾನು ಭಾವನ ಜೊತೆ ಮೊದಲೇ ಸ್ಮಶಾನಕ್ಕೆ ಹೊರಟೆ. ಹೆಂಗಸರು ಅಲ್ಲಿಗೆ ಬರಬಾರದು ಎಂದು ಯಾರೋ ಅಂದರು. ಗಂಡಸರು ಅಲ್ಲಿ ಮಾಡುವುದನ್ನು ಇಷ್ಟು ವರ್ಷ ಕೇಳಿದ್ದೇನೆ, ಸಾಕು ಎಂದು ಹೇಳಿ ರಿಕ್ಷಾ ಹತ್ತಿದೆ.

ಅಂಬರನಾಥದಿಂದ ಮರಗಮ್ಮ ಟೆಂಪೊದಲ್ಲಿ ಮೂಡೆ ತಂದಿದ್ದಳು. ತಾಡಪಾಲಿನಲ್ಲಿ ಸುತ್ತಿದ್ದರಿಂದ ಒಂದು ಹನಿ ನೀರು ತಾಗಿರಲಿಲ್ಲ. ಚಿತೆಯ ಕಬ್ಬಿಣದ ಚೌಕಟ್ಟಿನಲ್ಲಿ ಅವಳೇ ಸಾಲಾಗಿ ಜೋಡಿಸಿದಳು. ಎದೆಯೆತ್ತರಕ್ಕೆ ಕಟ್ಟಿಯಾದ ಮೇಲೆ ನನಗೆ ಸಮಾಧಾನವಾಯಿತು. ಆಗ ಬಂತು ವಖಾರದ ಕೈಗಾಡಿ, ಅದರ ತುಂಬ ನೀರು ಸೋರುವ ಕಟ್ಟಿಗೆ. ಭಾವ ಯಾರ ಮುಖವನ್ನೂ ನೋಡದೆ, ಮೂಡೆಗಳ ನಾಲ್ಕೂ ಬದಿಗೆ ಆ ಕಟ್ಟಿಗೆಯನ್ನು ಆನಿಸಿ ನಿಲ್ಲಿಸತೊಡಗಿದರು. ಒಂದು ಮೂಡೆಯೂ ಕಾಣದ ಹಾಗೆ ಮುಚ್ಚಿದರು. ಮೇಲೆ ಹೊದಿಸಲೆಂದು ಇನ್ನಷ್ಟನ್ನು ಪಕ್ಕದಲ್ಲಿ ಇಳಿಸಿಕೊಂಡರು.

“ಇದ್ಯಾಕ್ರೀ ಸಾವ್ಕಾರ್ರ?” ಎಂದು ಮರಗಮ್ಮ ಕೇಳಿದಳು.

ನಾನು ಅವರ ಕೈ ಹಿಡಿದೆ. “ಭಾವ, ಅಕ್ಕ ಹೇಳಿದ್ದು ಎಂತ? ಎಲ್ಲರೂ ನೋಡ್ಬೇಕು ಅಂತ ಅಲ್ವಾ?”

“ಒಳಗೆ ಉಂಟಲ್ಲ ವಾರಿಜಾ” ಎಂದರು ಭಾವ. “ಅವಳನ್ನು ಸುಡುವುದು ಅದೇ. ಅವಳಿಗೆ ಗೊತ್ತಿರ್ತದೆ.”

“ಅವಳಿಗೆ ಗೊತ್ತಾಗಿ ಎಂತ ಆಗ್ಲಿಕ್ಕುಂಟು? ಗೊತ್ತಾಗ್ಬೇಕಾದವರು ಛತ್ರಿ ಹಿಡ್ಕೊಂಡು ಬರ್ತಾ ಇದ್ದಾರೆ.”

ಅವರು ಕೈ ಬಿಡಿಸಿಕೊಂಡು ಇನ್ನೊಂದು ಕಟ್ಟಿಗೆ ಎತ್ತಿದರು. ಅಕ್ಕನನ್ನು ಹೊತ್ತ ಗಾಡಿ ಗೇಟಿನಲ್ಲಿ ನಿಂತಿತ್ತು. ಅಲ್ಲಿ ಕಿರುಚಿ ರಂಪ ಮಾಡಿದರೆ ಅವಳ ಕೊನೆಯ ಹೊತ್ತು ಹಾಳಾಗುತ್ತದೆಂದು ನಾನು ಹಲ್ಲು ಕಚ್ಚಿ ನಿಂತೆ.

ಜನ ಬಂದರು, ಅಕ್ಕಿಕಾಳು ಹಾಕಿದರು. ಭಾವನೇ ಬೆಂಕಿಯಿಟ್ಟರು. ಮೇಲೆ ಹಾಕಿದ ಕಟ್ಟಿಗೆ ಚೊರ್ರೆಂದು ನೀರು ಕಾರುತ್ತಿತ್ತು. ಆದರೆ ಒಳಗಿನಿಂದ ಎದ್ದ ಉರಿ ಹೊಗೆಯಿಲ್ಲದೆ, ಗಡಿಬಿಡಿಯಿಲ್ಲದೆ ಮೇಲೇರಿತು. ಒದ್ದೆ ಕಟ್ಟಿಗೆಯನ್ನೂ ಒಣಗಿಸಿ ತನ್ನ ಜೊತೆ ಉರಿಸಿಕೊಂಡಿತು. ಡೀಸೆಲ್ಲಿನ ಕ್ಯಾನ್ ಹಿಡಿದು ನಿಂತಿದ್ದ ಆಳು ಸ್ವಲ್ಪ ಹೊತ್ತು ಕಾದು ಕ್ಯಾನನ್ನು ಒಳಗಿಟ್ಟು ಬಂದ. ಯಾರೂ ಮೂಗು ಮುಚ್ಚಲಿಲ್ಲ. ಆ ಮಳೆಯಲ್ಲಿ ನನ್ನ ಅಕ್ಕ ಮರ್ಯಾದೆಯಿಂದ ಉರಿದುಹೋದಳು. ಭಾವನ ಹನ್ನೊಂದು ವರ್ಷದ ಹುಚ್ಚು ನಿಜವಾಗಿತ್ತು. ಅವರ ಮುಖದಲ್ಲಿ ಅದು ಕಾಣುತ್ತಿತ್ತು ಕೂಡ. ಅಳುತ್ತಲೇ ಬೆಂಕಿಯನ್ನು ಹೆಮ್ಮೆಯಿಂದ ನೋಡುತ್ತಿದ್ದರು.

“ನೋಡಿ, ಮಾವು ಅಂದ್ರೆ ಮಾವೇ!” ಎಂದರು ಪುಂಡರೀಕಾಕ್ಷ, ಎಲ್ಲರಿಗೂ ಕೇಳುವ ಹಾಗೆ. “ರಘುಪತಿಯವರೇ, ಮರ್ಯಾದೆ ಉಳಿಸಿದ್ರಿ. ಆಡುವ ಬಾಯಿಗೆ ಎಡೆ ಕೊಡ್ಲಿಲ್ಲ.”

ಭಾವ ತಲೆಯಾಡಿಸಿದರು. ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ದುಃಖದಲ್ಲಿದ್ದಾರೆ, ಇವತ್ತಲ್ಲದಿದ್ದರೆ ನಾಳೆ ಹೇಳುತ್ತಾರೆ ಎಂದು ನಾನು ಅಂದುಕೊಂಡೆ. ಅವರಿಗೆ ಅಷ್ಟಾದರೂ ಮರ್ಯಾದೆ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನೆನ್ನಬೇಕು.

ಬೊಜ್ಜದ ಊಟ, ಅಂದರೆ ಉತ್ತರಕ್ರಿಯೆಯ ಊಟ, ಸಂಘದ ಹಾಲ್‌ನಲ್ಲೇ ಇತ್ತು. ಅಕ್ಕನ ಫೋಟೊಗೆ ಹಾರ, ಅದರ ಎದುರು ಕೈಮುಗಿಯುವವರ ಸಾಲು, ಸಾಲಿನ ಕಣ್ಣು ಊಟದ ಎಲೆಗಳ ಮೇಲೆ. ಭಾವನ ಪಕ್ಕದಲ್ಲಿ ಕೂತಿದ್ದವರು ವಸಂತಕುಮಾರ, ಕಲ್ಯಾಣದಲ್ಲಿ ಬೇಕರಿ ನಡೆಸುವವರು, ಒಳ್ಳೆಯ ಮನುಷ್ಯ. ಸ್ಮಶಾನಕ್ಕೂ ಬಂದಿದ್ದರು. ಅವರ ತಂದೆ ಹಾಸಿಗೆ ಹಿಡಿದು ತಿಂಗಳುಗಳೇ ಆಗಿದ್ದವು.

“ರಘುಪತಿಯಣ್ಣ, ಕೇಳ್ಬಾರ್ದು, ಆದ್ರೂ ಕೇಳ್ತೇನೆ” ಎಂದರು ವಸಂತಕುಮಾರ, ಕಣ್ಣಲ್ಲಿ ನೀರು ತುಂಬಿಕೊಂಡು. “ನಮ್ಮ ಅಪ್ಪ ಇವತ್ತೋ ನಾಳೆಯೋ ಅಂತ ಇದ್ದಾರೆ. ಹೋದ ಮಳೆಗಾಲದಲ್ಲಿ ಅಮ್ಮನನ್ನು ಸುಡುವಾಗ ಅರ್ಧಕ್ಕೆ ಆರಿಹೋಯ್ತು. ಆ ನೆನಪಿನಲ್ಲಿ ಈಗಲೂ ನಿದ್ದೆ ಬರುವುದಿಲ್ಲ. ಅಪ್ಪನಿಗೆ ಹಾಗಾಗ್ಬಾರ್ದು. ಅಷ್ಟು ಚೆನ್ನಾಗಿ ಉರಿದದ್ದು ನಾನು ಎಲ್ಲಿಯೂ ನೋಡಿಲ್ಲ. ನಿಮಗೆ ಆ ಕಟ್ಟಿಗೆ ಎಲ್ಲಿ ಸಿಕ್ತು?”

ನಾನು ಭಾವನ ಮುಖವನ್ನೇ ನೋಡಿದೆ. ಇಷ್ಟು ವರ್ಷ ಮನೆಮನೆಯ ಬಾಗಿಲಲ್ಲಿ ಬೇಡಿದ್ದು ತಾನಾಗಿ ಎಲೆಯ ಪಕ್ಕದಲ್ಲಿ ಬಂದು ಕೂತಿತ್ತು. ಬಾಯಿ ತೆರೆದರೆ ಸಾಕಿತ್ತು. ಭಾವ ಪಾಯಸದಲ್ಲಿ ಬೆರಳು ಆಡಿಸುತ್ತ ಪುಂಡರೀಕಾಕ್ಷರ ಕಡೆ ನೋಡಿದರು. ಅಧ್ಯಕ್ಷರು ಎದುರಿನ ಸಾಲಿನಿಂದ ಕಿವಿ ನಿಮಿರಿಸಿ ಕೂತಿದ್ದರು.

“ಅದು ಕಟ್ಟಿಗೆ ಅಲ್ಲ” ಎಂದೆ ನಾನು. ನನ್ನ ದನಿಗೆ ಬಡಿಸುವವರು ನಿಂತುಬಿಟ್ಟರು. “ಅಕ್ಕನನ್ನು ಸುಟ್ಟದ್ದು ಭಾವನ ಮೂಡೆ. ಮರದ ಹೊಟ್ಟು. ಸುತ್ತ ನಿಲ್ಲಿಸಿದ್ದು ನಿಮಗೆಲ್ಲ ತೋರಿಸ್ಲಿಕ್ಕೆ. ನಿಮ್ಮ ಅಪ್ಪನಿಗೆ ಬೇಕಾದ್ದು ಅಂಬರನಾಥದ ಶೆಡ್ಡಿನಲ್ಲಿ ಉಂಟು ವಸಂತಣ್ಣ. ಇವರನ್ನು ಕೇಳಿ.”

ವಸಂತಕುಮಾರ ಭಾವನ ಕಡೆ ತಿರುಗಿದರು. “ಹೌದಾ ರಘುಪತಿಯಣ್ಣ?”

ಭಾವ ನನ್ನ ಕಡೆ ಕರುಣೆಯಿಂದ ನೋಡಿದರು. ಹೌದು, ಕರುಣೆಯಿಂದ, ನನ್ನ ಮೇಲೆ.

“ಅಕ್ಕ ಹೋದ ದುಃಖ ಅವಳಿಗೆ, ಪಾಪ, ಏನೋ ಹೇಳ್ತಾಳೆ” ಎಂದರು. ಆಮೇಲೆ ಪುಂಡರೀಕಾಕ್ಷರಿಗೂ ಕೇಳುವಷ್ಟು ದನಿಯೆತ್ತಿ, “ಮಾವೇ ಅದು, ಒಳ್ಳೆ ಮಾವು. ಬರ್ಕೊಳ್ಳಿ” ಎಂದು ಎಡಗೈಯಿಂದ ಜೇಬಿನ ಮೊಬೈಲ್ ತೆಗೆದು, ವಖಾರದ ಸೇಠನ ನಂಬರನ್ನು ಒಂದೊಂದೇ ಅಂಕೆಯಾಗಿ ಓದಿ ಹೇಳಿದರು.